ಬರ್ಲಿನ್ ಬೀದಿಯಲ್ಲಿ ಪಾವ್‌ವಾಲಾ

ಕಾಂದಿವಲಿ

ಬರ್ಲಿನ್ನಿನಲ್ಲಿ ಒಂಬತ್ತು ದಿನ ಇದ್ದು ಬಂದೆ. ಬಂದ ಮೇಲೆ ಸಿಕ್ಕವರೆಲ್ಲ ಕೇಳಿದ್ದು ಒಂದೇ, ಅಲ್ಲಿ ಏನೇನು ನೋಡಿದೆ ಅಂತ. ಸೈಕಲ್ ಹೊಡೆದೆ ಎಂದೆ. ಅವರು ಮುಂದಿನ ಮಾತಿಗೆ ಕಾದರು. ಮುಂದಿನ ಮಾತು ಇರಲಿಲ್ಲ. ಸ್ಟೇಶನ್ ಪಕ್ಕದಲ್ಲಿ ವಡಾಪಾವ್ ಗಾಡಿ ಇಟ್ಟಿರುವ ನಮ್ಮ ಕಡೆಯ ಗೆಳೆಯನೊಬ್ಬ ಬಾಣಲೆಯಿಂದ ತಲೆ ಎತ್ತಿ, "ಬಸೂ, ಇಷ್ಟು ವರ್ಷ ಇಲ್ಲಿ ಹೊಡದದ್ದು ಸಾಲಲಿಲ್ಲೇನೋ?" ಎಂದು ಕೇಳಿ ನಕ್ಕ.

ಸಾಲಲಿಲ್ಲ. ಯಾಕೆ ಸಾಲಲಿಲ್ಲ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಪಾವ್ ಹಾಕುವವನು. ವಿಜಯಪುರದ ಕಡೆಯಿಂದ ಮುಂಬೈಯ ಕಾಂದಿವಲಿಗೆ ಬಂದು ಮೂವತ್ತೊಂದು ವರ್ಷವಾಯಿತು. ದಿನಾ ಬೆಳಕು ಹರಿಯುವ ಮೊದಲು ಬೇಕರಿಯಿಂದ ಬಿಸಿ ಪಾವ್ ಎತ್ತಿ, ಸೈಕಲ್ಲಿನ ಹಿಂದೆ ಮುಂದೆ ಕಟ್ಟಿಕೊಂಡು, ಸ್ಟೇಶನ್ನಿನ ಗಾಡಿಗಳಿಗೂ ಬಿಲ್ಡಿಂಗ್‌ಗಳಿಗೂ ಹಂಚುತ್ತೇನೆ. ಬಿಲ್ಡಿಂಗ್‌ಗಳಲ್ಲಿ ಕಾರಿಗೆ ಮುಂದಿನ ಗೇಟು, ನನ್ನ ಸೈಕಲ್ಲಿಗೆ ಹಿಂದಿನ ಗೇಟು. ಕಾಂದಿವಲಿಯಲ್ಲಿ ಸೈಕಲ್ ಹೊಡೆಯುವವರು ಎರಡೇ ತರಹ. ಭಾನುವಾರ ಬಣ್ಣದ ಟೊಪ್ಪಿಗೆ ಹಾಕಿಕೊಂಡು ಬೊಜ್ಜು ಕರಗಿಸಲು ಹೋಗುವವರು, ಮತ್ತು ನಾವು.

ಮಗಳು ಶೈಲಾ ನರ್ಸ್. ಮುಂಬೈಯಲ್ಲೇ ನರ್ಸಿಂಗ್ ಓದಿ, ವಿಲೆ ಪಾರ್ಲೆಯ ಒಂದು ಕ್ಲಾಸಿನಲ್ಲಿ ಜರ್ಮನ್ ಕಲಿತು, ಎರಡು ವರ್ಷದ ಹಿಂದೆ ಬರ್ಲಿನ್ನಿನ ಒಂದು ಆಸ್ಪತ್ರೆಗೆ ಹೋದಳು. ಈ ಸೆಪ್ಟೆಂಬರಿನಲ್ಲಿ ರಜೆ ಸಿಕ್ಕಾಗ ಅಪ್ಪ ಅವ್ವ ಇಬ್ಬರೂ ಬನ್ನಿ ಎಂದು ಕರೆದಳು. ವಿಮಾನವೆಂದರೆ ಹೆಂಡತಿ ಕಸ್ತೂರಿಗೆ ಎದೆ ಡವಡವ. "ನೀವು ಹೋಗಿ ಬರ್ರಿ. ಸ್ಟೇಶನ್ ಲೈನ್ ಮೈದುನ ನೋಡ್ತಾನ, ಬಿಲ್ಡಿಂಗ್ ನಾ ನೋಡ್ತೀನಿ. ಒಬ್ಬ ಗಿರಾಕೀನೂ ಕಳಿಯೂದಿಲ್ಲ" ಎಂದು ನನ್ನ ಬ್ಯಾಗಿಗೆ ಖಡಕ್ ರೊಟ್ಟಿ ತುಂಬಿದಳು.

ಹಿಂದಕ್ಕೆ ತುಳಿದರೆ

ಶೈಲಾ ಒಂದು ಪಟ್ಟಿ ಮಾಡಿಟ್ಟಿದ್ದಳು. ಮ್ಯೂಸಿಯಂ, ಚರ್ಚು, ಗಾಜಿನ ಗುಮ್ಮಟದ ಪಾರ್ಲಿಮೆಂಟು. ಎಲ್ಲಕ್ಕೂ ಬಸ್ ನಂಬರು ಬರೆದಿದ್ದಳು. ನಾನು ಅವಳ ಅಡುಗೆಮನೆಯ ಕಿಟಕಿಯಿಂದ ಕೆಳಗಿನ ಅಂಗಳ ನೋಡುತ್ತಿದ್ದೆ. ಅಲ್ಲಿ ಸಾಲಾಗಿ ನಲವತ್ತು ಸೈಕಲ್ ನಿಂತಿದ್ದವು.

"ಇವು ಯಾರವು?"

"ಎಲ್ಲಾರವೂ ಅಪ್ಪಾ. ಆ ಕೆಂಪಂದು ಮ್ಯಾಲಿನ ಮನಿ ಡಾಕ್ಟರ್‌ದು. ಆ ಬುಟ್ಟಿ ಇದ್ದದ್ದು ಜಡ್ಜ್ ಆಂಟೀದು."

"ಜಡ್ಜ್ ಸೈಕಲ್ ಮ್ಯಾಲ ಕೋರ್ಟಿಗೆ ಹೋಗ್ತಾಳ?"

"ಹೋಗ್ತಾಳ. ಬಾರಿಶ್ ಇದ್ರೂ, ರೇನ್‌ಕೋಟ್ ಹಾಕ್ಕೊಂಡು."

ನಾನು ಪಟ್ಟಿಯನ್ನು ಮಡಚಿ ಅವಳ ಕೈಗೆ ಕೊಟ್ಟೆ. ಬಸ್ಸು ಬೇಡ, ಈ ಊರು ನೋಡುವುದಾದರೆ ಸೈಕಲ್ ಮೇಲೆ ನೋಡುತ್ತೇನೆ ಎಂದೆ. ನಿನಗೆ ಇಲ್ಲಿಯ ರೂಲ್ಸ್ ಗೊತ್ತಿಲ್ಲ, ವಯಸ್ಸಾಯಿತು, ಇಲ್ಲಿ ಬಲಗಡೆ ಹೋಗಬೇಕು ಎಂದು ಅವಳು ಬೆರಳು ಮಡಚುತ್ತ ಎಣಿಸಿದಳು. "ನೀ ಹುಟ್ಟೂಕಿಂತ ಮದಲಿಂದ ಮುಂಬೈ ಟ್ರಾಫಿಕ್ಕಿನ್ಯಾಗ ಸೈಕಲ್ ಹೊಡಿಯಾಕತ್ತೀನಿ. ನನಗ ಈ ಊರು ಕಲಸ್ತದೇನು?" ಎಂದೆ. ಅವಳ ಜೊತೆಗೆ ಅದೇ ಮನೆಯಲ್ಲಿರುವ ಹುಡುಗಿ ತನ್ನ ಊರಿಗೆ ಹೋಗಿದ್ದಳು. ಶೈಲಾ ಅವಳಿಗೆ ಫೋನು ಮಾಡಿ ಅವಳ ಸೈಕಲ್ ತೆಗೆದುಕೊಟ್ಟಳು. ಎತ್ತರದ, ಗಟ್ಟಿ ಕ್ಯಾರಿಯರಿನ ಸೈಕಲ್.

ಊರು ಮೊದಲ ಹತ್ತು ನಿಮಿಷದಲ್ಲೇ ಕಲಿಸಿತು. ಸಿಗ್ನಲ್ಲಿನಲ್ಲಿ ನಿಲ್ಲುವಾಗ ಪೆಡಲನ್ನು ಒಂದು ಸುತ್ತು ಹಿಂದಕ್ಕೆ ತಿರುಗಿಸಿ ಕಾಲಿಗೆ ಹೊಂದಿಸಿಕೊಳ್ಳುವುದು ನಮ್ಮ ಅಭ್ಯಾಸ. ಆ ಸೈಕಲ್ಲಿಗೆ ಹಿಂದಿನ ಬ್ರೇಕು ಇರುವುದೇ ಪೆಡಲಿನಲ್ಲಿ. ಹಿಂದಕ್ಕೆ ತುಳಿದರೆ ಚಕ್ರ ಕಚ್ಚಿಕೊಳ್ಳುತ್ತದೆ. ನಾನು ಓಡುವ ಸೈಕಲ್ಲಿನಲ್ಲಿ ಹಿಂದಕ್ಕೆ ತುಳಿದೆ. ಸೈಕಲ್ ನಿಂತಿತು, ನಾನು ನಿಲ್ಲಲಿಲ್ಲ. ಒಂದು ಕಾಫಿ ಅಂಗಡಿಯ ಮುಂದೆ ಮೊಣಕೈ ಊರಿ ಬಿದ್ದೆ.

ನಾಲ್ಕು ಜನ ಎದ್ದು ಬಂದರು. ಒಬ್ಬ ಸೈಕಲ್ ಹಿಡಿದ, ಒಬ್ಬಳು ನನ್ನ ಕನ್ನಡಕ ಒರೆಸಿ ಕೊಟ್ಟಳು. ನಾನು ನೆಟ್ಟಗೆ ನಿಂತದ್ದು ಖಾತ್ರಿಯಾದ ಮೇಲೆ ಹೋಗಿ ತಮ್ಮ ಕಾಫಿಯ ಮುಂದೆ ಕೂತರು. ನಗಲಿಲ್ಲ, ಬುದ್ಧಿವಾದವನ್ನೂ ಹೇಳಲಿಲ್ಲ. ಕಾಂದಿವಲಿಯಲ್ಲಾದರೆ ಮೊದಲು ನಗುತ್ತಾರೆ, ಆಮೇಲೆ ನೀರು ಕುಡಿಸುತ್ತಾರೆ, ಆಮೇಲೆ ಹತ್ತು ಜನ ಹದಿನೈದು ಸಲಹೆ ಕೊಡುತ್ತಾರೆ. ಯಾವುದು ಹೆಚ್ಚು ಅಂತ ನನ್ನನ್ನು ಕೇಳಬೇಡಿ. ಆ ದಿನ ಮಾತ್ರ ಯಾರಾದರೂ ಸ್ವಲ್ಪ ನಕ್ಕಿದ್ದರೆ ಹಗುರಾಗುತ್ತಿತ್ತು ಅನ್ನಿಸಿತು.

"ಅಪ್ಪಾ, ಪ್ಲೀಸ್. ಬಸ್ಸಿನ್ಯಾಗ ಹೋಗೂಣು."

"ನೀ ಹೋಗು ಬಸ್ಸಿನ್ಯಾಗ" ಎಂದು ಮತ್ತೆ ಹತ್ತಿದೆ. ಅವಳು ತನ್ನ ಸೈಕಲ್ಲಿನಲ್ಲಿ ಹಿಂದೆ ಬಂದಳು.

ಇಲ್ಲದ ಮಕ್ಕಳು

ಎರಡನೆಯ ದಿನ ಬೆಳಿಗ್ಗೆ ಒಂದು ಚಿಕ್ಕ ಕ್ರಾಸಿನಲ್ಲಿ ಕೆಂಪು ದೀಪವಿತ್ತು. ಎಡಕ್ಕೂ ಬಲಕ್ಕೂ ಒಂದು ನಾಯಿ ಕೂಡ ಇರಲಿಲ್ಲ. ನಾನು ದಾಟಿದೆ. ಹಿಂದಿನಿಂದ ಕೂಗು ಕೇಳಿಸಿತು. ಊರುಗೋಲಿನ ಅಜ್ಜಿಯೊಬ್ಬಳು ಆಚೆ ದಡದಲ್ಲೇ ನಿಂತು, ಕೋಲನ್ನು ನನ್ನ ಕಡೆಗೆ ಚಾಚಿ, ಬೈಯುತ್ತಿದ್ದಳು. ದೀಪ ಹಸಿರಾಗುವವರೆಗೂ ಬೈದಳು. ಹಸಿರಾದ ಮೇಲೆ ದಾಟಿ ಬಂದು ಹತ್ತಿರದಿಂದ ಇನ್ನೊಂದಿಷ್ಟು ಬೈದಳು.

"ಏನಂತಾಳ?"

ಶೈಲಾ ನಗು ತಡೆಯುತ್ತಿದ್ದಳು. "ಮಕ್ಕಳು ನೋಡ್ತಾವ, ನಿನ್ನ ನೋಡಿ ಕಲೀತಾವ ಅಂತಾಳ."

"ಎಲ್ಲಿ ಅದಾವ ಮಕ್ಕಳು?"

ಅದನ್ನು ಅವಳು ಜರ್ಮನ್ನಿನಲ್ಲಿ ಕೇಳಿಯೇಬಿಟ್ಟಳು. ಅಜ್ಜಿ ಮೇಲಿನ ಕಿಟಕಿಗಳ ಸಾಲನ್ನು ಕೋಲಿನಿಂದ ತೋರಿಸಿದಳು. ನಾನೂ ಕತ್ತೆತ್ತಿ ನೋಡಿದೆ. ಎಲ್ಲ ಪರದೆ ಮುಚ್ಚಿದ್ದವು.

ನನಗೆ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ನಮ್ಮ ರಸ್ತೆಯಲ್ಲಿ ಹಸಿರು ಬಿದ್ದಾಗಲೂ ನನ್ನಂಥವನಿಗೆ ಯಾರೂ ದಾರಿ ಕೊಡುವುದಿಲ್ಲ, ಸಂದಿ ಕಂಡಾಗ ನುಗ್ಗಬೇಕು, ಇಲ್ಲವೆಂದರೆ ಪಾವ್ ಆರಿಹೋಗುತ್ತದೆ. ಆದರೆ ಅಲ್ಲಿ ಸೈಕಲ್ಲಿಗೆಂದೇ ಬೇರೆ ದೀಪವಿತ್ತು, ಪುಟ್ಟದು, ಅದರೊಳಗೆ ಸೈಕಲ್ಲಿನ ಚಿತ್ರ. ನನ್ನ ವಾಹನಕ್ಕೂ ಒಂದು ದೀಪ ಹಚ್ಚಿಟ್ಟ ಊರಿದು. ಆಮೇಲೆ ಉಳಿದ ದಿನವೆಲ್ಲ ಖಾಲಿ ರಸ್ತೆಯಲ್ಲೂ ನಿಂತೆ. ಅಜ್ಜಿಯ ಭಯಕ್ಕೆ ನಿಂತೆ ಎಂದು ಶೈಲಾ ಈಗಲೂ ಹೇಳುತ್ತಾಳೆ, ಹೇಳಲಿ.

ಗೋಡೆ ಇದ್ದ ಕಡೆ

ಊರನ್ನು ಎರಡಾಗಿ ಸೀಳಿದ್ದ ಗೋಡೆಯ ಬಗ್ಗೆ ಶೈಲಾ ದಾರಿಯುದ್ದಕ್ಕೂ ಹೇಳುತ್ತ ಬಂದಳು. ಗೋಡೆ ಈಗ ಬಹುಪಾಲು ಇಲ್ಲ. ಅದು ಇದ್ದ ಕಡೆ ರಸ್ತೆಯಲ್ಲಿ ಜೋಡಿ ಕಲ್ಲಿನ ಸಾಲೊಂದನ್ನು ಹುಗಿದಿದ್ದಾರೆ. ಕಾರುಗಳು ಅದರ ಮೇಲೆ ಹಾಯುತ್ತವೆ. ಒಂದು ಕಾಲಕ್ಕೆ ಇದನ್ನು ದಾಟಲು ಹೋದವರು ಗುಂಡಿಗೆ ಸತ್ತರು ಎಂದಳು. ಸೈಕಲ್ಲಿನ ಎರಡೂ ಚಕ್ರ ಕಲ್ಲಿನ ಮೇಲೆ ಸಣ್ಣಗೆ ಕುಕ್ಕಿದವು, ಅಷ್ಟೇ. ನಾನು ಆಚೆ ಹೋಗಿ ತಿರುಗಿ ಈಚೆ ಬಂದೆ. ಮತ್ತೆ ಹೋದೆ. ಏಳು ಸಲ ದಾಟಿದೆ. ಫೋಟೋ ತೆಗೆಯುತ್ತಿದ್ದ ಒಂದು ಕುಟುಂಬ ನನಗಾಗಿ ಬದಿಗೆ ಸರಿಯಿತು.

ನಾವಿರುವ ಚಾಳಿನ ವಠಾರಕ್ಕೂ ಪಕ್ಕದ ಟವರಿಗೂ ನಡುವೆ ಒಂದು ಗೋಡೆಯಿದೆ. ಮೇಲೆ ಗಾಜಿನ ಚೂರು ನೆಟ್ಟಿದ್ದಾರೆ. ಅದರ ಫೋಟೋ ತೆಗೆಯಲು ಯಾವ ದೇಶದವರೂ ಬರುವುದಿಲ್ಲ. ಇದನ್ನು ಹೇಳಿದಾಗ ಶೈಲಾ ತನ್ನ ಬಲಗೈ ನೋಡಿಕೊಂಡಳು. ಅವಳು ಚಿಕ್ಕವಳಿದ್ದಾಗ ಆ ಗಾಜಿನಿಂದ ಅವಳ ಬಲಗೈ ಹರಿದು ಐದು ಹೊಲಿಗೆ ಬಿದ್ದಿತ್ತು, ಆ ಕಡೆ ಹೋದ ಚೆಂಡು ತರಲು ಹತ್ತಿದಾಗ.

ರನ್‌ವೇ

ನಾಲ್ಕನೆಯ ದಿನದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಬರ್ಲಿನ್ನಿನ ನಡುವೆ ಟೆಂಪಲ್‌ಹೋಫ್ ಎಂಬ ಹಳೆಯ ವಿಮಾನ ನಿಲ್ದಾಣವಿದೆ. ಈಗ ವಿಮಾನ ಇಳಿಯುವುದಿಲ್ಲ. ಅಲ್ಲಿ ಕಟ್ಟಡ ಕಟ್ಟಲು ಹೊರಟಾಗ ಊರ ಜನವೇ ಮತ ಹಾಕಿ ಬೇಡ ಎಂದರಂತೆ. ಅಷ್ಟು ದೊಡ್ಡ ಬಯಲನ್ನು ಖಾಲಿ ಬಿಡಲು ಮತ ಹಾಕಿದ ಜನ! ನಮ್ಮಲ್ಲಿ ಒಂದು ಚಾಪೆಯಷ್ಟು ಜಾಗ ಖಾಲಿ ಬಿದ್ದರೆ ಬೆಳಗಾಗುವುದರಲ್ಲಿ ಒಬ್ಬ ಬಿಲ್ಡರನ ಬೋರ್ಡು ಏಳುತ್ತದೆ.

ಗೇಟು ತೆರೆದಿತ್ತು. ರನ್‌ವೇ ಮೇಲೆ ಜನ ಸೈಕಲ್ ಹೊಡೆಯುತ್ತಿದ್ದರು, ಗಾಳಿಪಟ ಹಾರಿಸುತ್ತಿದ್ದರು. ಮುಂಬೈಯಲ್ಲಿ ವಿಮಾನ ನಿಲ್ದಾಣದ ಗೋಡೆಯ ಹೊರಗೆ ಎಷ್ಟು ಸಲ ಪಾವ್ ಹೊತ್ತು ಹಾದಿದ್ದೇನೆ, ಒಳಗಿನ ರನ್‌ವೇ ಹೇಗಿದೆಯೆಂದು ಇಣುಕಿ ನೋಡಲೂ ಆಗಿಲ್ಲ. ಇಲ್ಲಿ ಅದರ ನಡುವಿನ ಬಿಳಿ ಗೆರೆಯ ಮೇಲೆ ಮುಂಚಕ್ರ ಇಟ್ಟೆ. ಹಿಂದೆ ಪಾವ್ ಇಲ್ಲ, ಮುಂದೆ ರಿಕ್ಷಾ ಇಲ್ಲ. ಕೂಗಲು ಯಾರೂ ಇಲ್ಲ. ತುಳಿದೆ. ಎದುರು ಗಾಳಿ ಅಂಗಿಯೊಳಗೆ ಹೊಕ್ಕು ಬೆನ್ನು ಉಬ್ಬಿಸಿತು. ಐವತ್ತು ದಾಟಿದ ಮನುಷ್ಯ ಬಾಯಿ ತೆರೆದು ಕೂಗುತ್ತ ಹೋದೆ. ಶೈಲಾ ಪಕ್ಕಕ್ಕೆ ಬಂದು ನನ್ನನ್ನು ಹಿಂದೆ ಹಾಕಿದಳು. ನಾನು ಬಿಡಲಿಲ್ಲ. ಗೆದ್ದದ್ದು ಯಾರು ಎಂಬ ಜಗಳ ಇನ್ನೂ ತೀರಿಲ್ಲ.

ಹುಲ್ಲಿನ ಮೇಲೆ ಕೂತು ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ಆಗ ಅವಳು ಹೇಳಿದಳು.

"ಅಪ್ಪಾ, ಸಂಡೆ ಮೋನಿಕಾ ಅವರು ಕಾಫಿಗೆ ಕರದಾರ. ನಮ್ಮ ವಾರ್ಡಿನ ಸೀನಿಯರ್. ಅವರ ತೋಟಕ್ಕ ಹೋಗೂದು."

"ಹೋಗೂಣು."

"ಒಂದು ಬಾತ್ ಹೇಳೂದದ." ಅವಳು ರೊಟ್ಟಿಯನ್ನು ಚೂರು ಚೂರು ಮುರಿಯುತ್ತಿದ್ದಳು, ತಿನ್ನುತ್ತಿರಲಿಲ್ಲ. "ನಾ ಅವರಿಗೆ ನಮ್ಮದು ಬೇಕರಿ ಅದ ಅಂತ ಹೇಳೀನಿ."

"ಯಾರ ಬೇಕರಿ?"

"ಹೊಸದಾಗಿ ಬಂದಾಗ ಕೇಳಿದ್ರು. ನನಗ ಜರ್ಮನ್ ಪೂರಾ ಬರ್ತಿದ್ದಿಲ್ಲ. ಬೇಕರಿ ಅನ್ನೂ ಒಂದ ವರ್ಡ್ ಗೊತ್ತಿತ್ತು. ಆಮ್ಯಾಲ ಅದ ಉಳೀತು. ಕರೆಕ್ಟ್ ಮಾಡಾಕ ಆಗಲಿಲ್ಲ."

"ಎರಡು ವರ್ಷದಾಗ ಸೈಕಲ್ ಅನ್ನೂ ಶಬ್ದ ಸಿಗಲಿಲ್ಲೇನು?"

ಅವಳು ರೊಟ್ಟಿಯ ಚೂರುಗಳನ್ನು ಮತ್ತೆ ಕಟ್ಟಿಡತೊಡಗಿದಳು. "ಬೇಕರಿ ಮಾಲಕ ಅನಿಸ್ಕೊಳ್ಳಾಕ ನಾ ಸೈಕಲ್ ಹೊಡದಿಲ್ಲ" ಎಂದು ಎದ್ದೆ. ಮನೆಗೆ ವಾಪಸು ರೈಲಿನಲ್ಲಿ ಬಂದೆವು. ಅಲ್ಲಿಯ ಲೋಕಲ್ಲಿನಲ್ಲಿ ಸೈಕಲ್ಲಿಗೆಂದೇ ಜಾಗವಿದೆ, ಬಾಗಿಲಿನ ಮೇಲೆ ಚಿತ್ರ ಬರೆದಿದ್ದಾರೆ. ಬೇರೆ ದಿನವಾಗಿದ್ದರೆ ಅದನ್ನು ನೋಡಿ ಹತ್ತು ಮಾತಾಡುತ್ತಿದ್ದೆ. ಆ ದಿನ ಎರಡು ಸೈಕಲ್ಲುಗಳ ಎರಡು ಬದಿಗೆ ನಿಂತು, ಅವಳು ಆ ಕಿಟಕಿ ನೋಡಿದಳು, ನಾನು ಈ ಕಿಟಕಿ ನೋಡಿದೆ.

ಕಸ್ತೂರಿಯ ಫೋನು

ಮರುದಿನ ಬೆಳಿಗ್ಗೆ ಶೈಲಾ ಸ್ನಾನಕ್ಕೆ ಹೋದಾಗ ಕಸ್ತೂರಿಗೆ ಫೋನು ಮಾಡಿದೆ. ಅಲ್ಲಿ ಊಟದ ಹೊತ್ತು. ಮಗಳ ಮೇಲಿನ ದೂರನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ಅಕಿನ್ನ ಇಂಗ್ಲಿಷ್ ಮೀಡಿಯಂ ಸಾಲಿಗೆ ಹಾಕಿದಾಗ ಫಾರ್ಮ್ ತುಂಬಿದವರು ಯಾರು?"

"ನಾನ."

"ತಂದೆಯ ಉದ್ಯೋಗ ಅಂತ ಇತ್ತಲ್ಲ, ಅಲ್ಲಿ ಏನ ಬರದ್ರಿ?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ವ್ಯಾಪಾರ ಅಂತ ಬರದ್ರಿ. ಸೈಕಲ್ ಅಂತ ಬರದಿದ್ದಿಲ್ಲ. ಅಕಿ ಆಗ ಮಗ್ಗಲದಾಗ ನಿಂತಿದ್ಲು, ಓದಾಕ ಬರ್ತಿತ್ತು ಅಕಿಗೆ. ಈಗ ಅಕಿ ಮ್ಯಾಲ ಯಾಕ ಹರಿಹಾಯ್ತೀರಿ?" ಎಂದು ಹೇಳಿ, ಪಲ್ಯ ಹೊತ್ತುತ್ತದೆ ಎಂದು ಫೋನು ಇಟ್ಟಳು.

ಕಿಟಕಿಯ ಹತ್ತಿರ ಹೋಗಿ ಕೂತೆ. ಕಸ್ತೂರಿ ಹೇಳಿದ್ದು ನಿಜ. ಆ ಫಾರ್ಮಿನ ಮುಂದೆ ಪೆನ್ನು ಹಿಡಿದು ನಾಚಿದ್ದು ನಾನು. ಶೈಲಾ ತಲೆ ಒರೆಸಿಕೊಳ್ಳುತ್ತ ಬಂದಾಗ ಹೇಳಿದೆ, "ಆ ಸುಳ್ಳು ನಿಂದಲ್ಲ ಮಗಳ, ನಂದು. ನಾನ ಶುರು ಮಾಡಿದ್ದು. ಅದಕ್ಕ ಬಿಡಸಾಂವನೂ ನಾನ." ಅವಳಿಗೆ ಎಷ್ಟು ಅರ್ಥವಾಯಿತೋ, ಹೆದರಿಕೆಯಂತೂ ಆಯಿತು. "ಅಪ್ಪಾ, ಅಲ್ಲಿ ತಮಾಶಾ ಮಾಡಬ್ಯಾಡ" ಎಂದಳು.

ಭಾನುವಾರದ ತೋಟ

ಬರ್ಲಿನ್ನಿನವರಿಗೆ ಮನೆ ಒಂದು ಕಡೆ, ಚಿಕ್ಕ ತೋಟ ಒಂದು ಕಡೆ. ರೈಲು ಹಳಿಯ ಪಕ್ಕದಲ್ಲಿ ಸಾಲಾಗಿ ಬೇಲಿ ಹಾಕಿದ ತುಂಡು ತೋಟಗಳು, ಪ್ರತಿಯೊಂದರಲ್ಲೂ ಒಂದು ಮರದ ಗುಡಿಸಲು. ನಮ್ಮಲ್ಲಿ ಹಳಿಯ ಪಕ್ಕ ಪಾಲಕ್ ಬೆಳೆಯುವವರ ಜಾಗ ಇದ್ದ ಹಾಗೆ, ಇಲ್ಲಿ ಮಾತ್ರ ಕುರ್ಚಿ ಹಾಕಿ ಕೂರುತ್ತಾರೆ.

ಮೋನಿಕಾ ದೊಡ್ಡ ನಗುವಿನ ಹೆಂಗಸು. ಗಂಡ ಹಾರ್ಸ್ಟ್ ಟ್ರಾಮ್ ಓಡಿಸಿ ನಿವೃತ್ತನಾದವನು, ಕೈಗಳು ನನ್ನ ಕೈಗಳ ಹಾಗೆಯೇ ಒರಟು. ಪ್ಲಮ್ ಹಣ್ಣಿನ ಕೇಕ್ ಕೊಟ್ಟರು. ಕೇಕಿನ ಮೇಲೆ ಕಡಜಗಳು ನಮಗಿಂತ ಮೊದಲೇ ಕೂತಿದ್ದವು. ಅವನ್ನು ಯಾರೂ ಹೊಡೆಯುವುದಿಲ್ಲ, ಊದಿ ಕಳಿಸುತ್ತಾರೆ.

ಎರಡನೆಯ ತುಂಡಿಗೆ ಹಾರ್ಸ್ಟ್ ಏನೋ ಕೇಳಿದ. ಶೈಲಾಳ ಮುಖ ಬಿಗಿಯಿತು. "ನಿಮ್ಮ ಬೇಕರಿಯೊಳಗ ಭಟ್ಟಿ ಕಟಗೀದೋ ಕರೆಂಟಿಂದೋ ಅಂತ ಕೇಳ್ತಾರ."

ನಾನು ಕೇಕಿನ ತಟ್ಟೆಯನ್ನು ಕೆಳಗಿಟ್ಟೆ. "ಭಟ್ಟಿ ನಂದಲ್ಲ, ಬೇಕರಿ ನಂದಲ್ಲ. ನಾ ಸೈಕಲ್ ಮ್ಯಾಲ ಪಾವ್ ಹಾಕಾಂವ. ಇದ್ದದ್ದು ಇದ್ದಂಗ ಹೇಳು."

ಅವಳು ಎರಡು ಚಿಕ್ಕ ಮಾತು ಹೇಳಿದಳು. ನನ್ನ ಅಷ್ಟು ಮಾತಿಗೆ ಎರಡೇ? ಹಾರ್ಸ್ಟ್ ತಲೆಯಾಡಿಸಿ ಕಾಫಿ ಕುಡಿದ. ಅವಳು ಏನು ಹೇಳಿದಳೋ ನನಗೆ ಗೊತ್ತಾಗುವ ದಾರಿಯಿರಲಿಲ್ಲ. ಎದ್ದು ನಿಂತೆ. ನನ್ನ ಇಂಗ್ಲಿಷ್ ಎಲ್ಲವನ್ನೂ ಒಟ್ಟುಗೂಡಿಸಿ, ಎದೆ ಮುಟ್ಟಿಕೊಂಡು, "ನೋ ಬೇಕರಿ. ಮೀ, ಬ್ರೆಡ್. ಸೈಕಲ್. ಥರ್ಟಿ ಒನ್ ಇಯರ್ಸ್" ಎಂದೆ. ಹ್ಯಾಂಡಲ್ ಹಿಡಿದು ತುಳಿಯುವುದನ್ನು, ಹಿಂದೆ ಮುಂದೆ ಕಟ್ಟುವುದನ್ನು ಮಾಡಿ ತೋರಿಸಿದೆ. ಶೈಲಾ ಟೇಬಲ್ಲಿನ ಬಟ್ಟೆ ನೋಡುತ್ತಿದ್ದಳು.

ಮೋನಿಕಾ ಶೈಲಾಳನ್ನು ನೋಡಿದಳು, ನನ್ನನ್ನು ನೋಡಿದಳು, ಕಾಫಿ ಬಗ್ಗಿಸಿದಳು. ಹಾರ್ಸ್ಟ್‌ಗೆ ಮಾತ್ರ ಬೇರೆಯೇ ಚಿಂತೆ. ಒಂದು ಸೈಕಲ್ಲಿನ ಮೇಲೆ ಎಷ್ಟು ಒಯ್ಯುತ್ತೀರಿ ಎಂದು ಶೈಲಾಳಿಂದ ಕೇಳಿಸಿದ. ಆರುನೂರು ಪಾವ್ ಎಂದೆ. ಶೈಲಾ ಹೇಳಿದಳು. ಆತ "ನೈನ್" ಎಂದು ಜೋರಾಗಿ ತಲೆ ಅಡ್ಡಡ್ಡ ಆಡಿಸಿದ. ಅವರ ಭಾಷೆಯಲ್ಲಿ ಹಾಗೆಂದರೆ ಇಲ್ಲ. ಆಗುವುದಿಲ್ಲವಂತೆ! ಟ್ರಾಮ್ ಓಡಿಸಿದವನು ನನಗೆ ಸೈಕಲ್ ಲೆಕ್ಕ ಹೇಳುತ್ತಾನೆ!

ಗುಡಿಸಲ ಗೋಡೆಗೆ ನಾಲ್ಕು ಚೀಲ ಸೇಬು ಒರಗಿಸಿಟ್ಟಿದ್ದರು. ಕಾರನ್ನು ಮಗ ಒಯ್ದಿದ್ದಾನೆ, ನಾಳೆಯಿಂದ ದಿನಕ್ಕೊಂದು ಚೀಲ ಮನೆಗೆ ಸಾಗಿಸಬೇಕು ಎಂದು ಮೋನಿಕಾ ಆಗಲೇ ಹೇಳಿದ್ದಳು.

"ನಾಕೂ ಒಮ್ಮಿಗೇ ಒಯ್ತೀನಿ ಅಂತ ಹೇಳು."

"ಅಪ್ಪಾ!"

"ಹೇಳು."

ಹಾರ್ಸ್ಟ್ ನೈಲಾನ್ ಹಗ್ಗ ತಂದ. ಅದು ಜಾರುತ್ತದೆ, ಹಳೆಯ ಸೈಕಲ್ ಟ್ಯೂಬ್ ಬೇಕು ಎಂದೆ. ಗುಡಿಸಲಿನಲ್ಲಿ ಮೂರು ಸಿಕ್ಕವು. ಎರಡು ಚೀಲ ಕ್ಯಾರಿಯರಿನ ಎರಡು ಬದಿಗೆ ಇಳಿಬಿಟ್ಟು, ಒಂದನ್ನು ಅವುಗಳ ಮೇಲೆ ಅಡ್ಡ ಮಲಗಿಸಿ, ನಾಲ್ಕನೆಯದನ್ನು ಮುಂದಿನ ಹ್ಯಾಂಡಲ್ಲಿಗೆ ಬಿಗಿದೆ. ಟ್ಯೂಬನ್ನು ಹಲ್ಲಿನಿಂದ ಎಳೆದು ಗಂಟು ಹಾಕಿದೆ. ಹಾರ್ಸ್ಟ್ ಮೊಣಕಾಲೂರಿ ಕೂತು ಪ್ರತಿ ಗಂಟನ್ನೂ ನೋಡಿದ. ಆಮೇಲೆ ತನ್ನ ಸೈಕಲ್ ಎಳೆದುಕೊಂಡು ಬಂದ, ದಾರಿ ತೋರಿಸಲು.

ರಸ್ತೆ

ಮೂರು ಕಿಲೋಮೀಟರ್ ದಾರಿ. ಹಾರ್ಸ್ಟ್ ಮುಂದೆ, ನಡುವೆ ನಾನು, ಹಿಂದೆ ಶೈಲಾ. ಕಲ್ಲು ಹಾಸಿದ ಹಳೆಯ ಬೀದಿಯಲ್ಲಿ ಹಲ್ಲು ಕಟಕಟ ಎಂದರೂ ಚೀಲ ಅಲುಗಲಿಲ್ಲ. ಜನ ನಿಂತು ನೋಡಿದರು. ಇಷ್ಟು ದಿನ ಖಾಲಿ ಸೈಕಲ್ಲಿನಲ್ಲಿ ನಾನು ಬೇರೆ ಯಾರೋ ಎಂಬ ಹಾಗೆ ಹೋಗುತ್ತಿದ್ದೆ. ಆ ಭಾರ ಬೆನ್ನ ಹಿಂದೆ ಕೂತ ಮೇಲೆ ನಾನು ನಾನಾದೆ.

ದೊಡ್ಡ ರಸ್ತೆಗೆ ಬಂದ ಕೂಡಲೇ ಪೊಲೀಸರು ಕೈ ತೋರಿಸಿದರು. ಇಬ್ಬರು, ಅವರೂ ಸೈಕಲ್ ಮೇಲೆಯೇ. ಹಾರ್ಸ್ಟ್ ಕೈ ಬೀಸಿ ವಾದ ಶುರು ಮಾಡಿದ. ಗಿಡ್ಡ ಪೊಲೀಸ್ ನನ್ನನ್ನು ಏನೋ ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ಶೈಲಾ ಸೈಕಲ್ ಸ್ಟ್ಯಾಂಡ್ ಹಾಕಿ ನಡುವೆ ಬಂದು ನಿಂತಳು. ತೋಟದಲ್ಲಿ ಮಾತಾಡಿದ ಸಣ್ಣ ದನಿ ಅದಲ್ಲ. ರೋಗಿಗಳನ್ನು ಗದರಿಸುವ ದನಿ ಇರಬೇಕು. ಜರ್ಮನ್ನಿನಲ್ಲಿ ಸೈಕಲ್ಲಿಗೆ ಏನೆನ್ನುತ್ತಾರೆ, ಬ್ರೆಡ್ಡಿಗೆ ಏನೆನ್ನುತ್ತಾರೆ ಎಂಬುದು ನನಗೆ ಅಷ್ಟರಲ್ಲಿ ಗೊತ್ತಿತ್ತು. ಎರಡೂ ಕೇಳಿಸಿದವು. ಮುಂಬೈ ಎಂದು ಮೂರು ಸಲ ಕೇಳಿಸಿತು.

ಗಿಡ್ಡ ಪೊಲೀಸ್ ನನ್ನ ಟ್ಯೂಬಿನ ಗಂಟನ್ನು ಹಿಡಿದು ಜಗ್ಗಿದ. ಎರಡೂ ಕೈಯಿಂದ ಜಗ್ಗಿದ. ತನ್ನ ಜೊತೆಗಾರನನ್ನು ಕರೆದು ತೋರಿಸಿದ. ಆಮೇಲೆ ತಲೆಯಾಡಿಸಿ ಏನೋ ಹೇಳಿದ.

"ಕಟ್ಟಿದ್ದು ಭಾಳ ಚಲೋ ಅದ ಅಂತ. ಖರೆ ಹತ್ತಿ ಹೋಗಂಗಿಲ್ಲ. ಒಂದೆರಡು ಚೀಲ ಇಳಸ್ರಿ, ಇಲ್ಲಾ ದೂಡ್ಕೊಂಡು ಹೋಗ್ರಿ ಅಂತಾನ."

"ಒಂದೂ ಇಳಸೂದಿಲ್ಲ. ದೂಡ್ತೀನಿ ಅಂತ ಹೇಳು. ಅದಿರ್ಲಿ, ನೀ ಅವನಿಗೆ ಏನ ಹೇಳಿದಿ?"

ಅವಳು ಮುಂಗುರುಳು ಸರಿಸಿಕೊಂಡಳು. "ನಮ್ಮಪ್ಪ ಮೂವತ್ತೊಂದು ವರ್ಷ ಸೈಕಲ್ ಮ್ಯಾಲ ಪಾವ್ ಮಾರ್ಯಾರ. ಅದರ ಮ್ಯಾಲ ನಾ ಓದೀನಿ. ಅವರಿಗೆ ಲೋಡ್ ಹ್ಯಾಂಗ ಕಟ್ಟಬೇಕು ಅಂತ ನೀ ಹೇಳಬ್ಯಾಡ. ಇಷ್ಟ."

ಹ್ಯಾಂಡಲ್ ಹಿಡಿದು ದೂಡಿದೆ. ಅವಳು ತನ್ನ ಸೈಕಲ್ಲನ್ನು ಹಾರ್ಸ್ಟ್ ಕೈಗೆ ಕೊಟ್ಟು, ನನ್ನ ಹಿಂದೆ ಬಂದು ಅಡ್ಡ ಚೀಲಕ್ಕೆ ಕೈ ಹಚ್ಚಿದಳು. ಫುಟ್‌ಪಾತಿನ ತುಂಬ ಹೋಟೆಲಿನವರು ಟೇಬಲ್ ಹಾಕಿದ್ದರು, ಚೀಲಗಳ ಅಗಲಕ್ಕೆ ಅಲ್ಲಿ ದಾರಿ ಸಾಲದು. ಸೈಕಲ್ ಹೋಗುವ ಕೆಂಪು ಪಟ್ಟೆಗೆ ಇಳಿದೆವು. ಹಿಂದಿನಿಂದ ಟಿಣಿಟಿಣಿ ಶುರುವಾಯಿತು. ತಿರುಗಿ ನೋಡಿದೆ. ಬಿಗಿ ಬಟ್ಟೆ ಹಾಕಿದ, ಬಾಗಿ ಕೂತ, ಎತ್ತರದ ಮನುಷ್ಯ. ಗಂಟೆ ಬಾರಿಸುತ್ತಲೇ ಇದ್ದ, ಜೊತೆಗೆ ಏನೋ ಒದರುತ್ತಿದ್ದ. ನಾನು ಬದಿಗೆ ಸರಿಯಲು ಹ್ಯಾಂಡಲ್ ತಿರುಗಿಸಿದೆ.

"ಅಪ್ಪಾ, ನೀ ಸರಿಬ್ಯಾಡ" ಎಂದಳು ಶೈಲಾ. ಚೀಲದಿಂದ ಒಂದು ಕೈ ತೆಗೆದು ಸೊಂಟಕ್ಕಿಟ್ಟುಕೊಂಡು ತಿರುಗಿ ನಿಂತಳು. ಬಾಯಲ್ಲಿ ಜರ್ಮನ್ ಬರಲಿಲ್ಲ, ಹಿಂದಿ ಬರಲಿಲ್ಲ. ಕನ್ನಡದ ನಾಲ್ಕು ಮಾತಿಗೆ ಒಂದು ಹಿಂದಿ, ಒಂದು ಇಂಗ್ಲಿಷ್ ಬೆರೆಸುವ ನನ್ನ ಮಗಳು ಬರ್ಲಿನ್ನಿನ ನಡುಬೀದಿಯಲ್ಲಿ, ಚಾಳಿನ ನಳದ ಮುಂದೆ ಕೊಡ ಹಿಡಿದು ನಿಂತ ಅವರವ್ವನ ದನಿಯಲ್ಲಿ ಒದರಿದಳು:

"ಕಣ್ಣು ಕಾಣಂಗಿಲ್ಲೇನೋ ಮೂಳಾ? ಭಾರ ಹೊತ್ತು ಹೊಂಟೇವಿ! ಸುತ್ತು ಹಾಕ್ಕೊಂಡು ಹೋಗು!"

ಅವನು ಸುತ್ತು ಹಾಕಿಕೊಂಡು ಹೋದ.